ಕಬಡ್ಡಿ ಟೀಮಿಗೆ ಸೆಲೆಕ್ಟ್ ಆದ ಪುಟಾಣಿ

"ಅಮ್ಮಾ, ನಾನು ಕಬಡ್ಡಿ ಟೀಮಿಗೆ ಸೆಲೆಕ್ಟ್ ಆದೆ!" ಮಳೆಗಾಲದ ಒಂದು ಸಂಜೆ ಶಾಲೆಯಿಂದ ಬಂದ ಮಗನೋ ಮಗಳೋ ಹೀಗೆ ಕುಣಿದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? "ಕೈಕಾಲು ಮುರ್ಕೊಂಡು ಬರ್ಬೇಡ" ಅಂತ ತಾನೇ?

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಕಬಡ್ಡಿ ಹೊಸತಲ್ಲ. ಮಳೆ ಬಿಟ್ಟ ಮೇಲೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಗಳು, 2014ರಿಂದ ಟಿ.ವಿ.ಯಲ್ಲಿ ಪ್ರೊ ಕಬಡ್ಡಿ. ನೋಡಲು ಎಲ್ಲರೂ ರೆಡಿ. ನಮ್ಮದೇ ಮನೆಯ ಹತ್ತು ವರ್ಷದ ಮಗು ಅಂಕಣಕ್ಕೆ ಇಳಿಯುತ್ತದೆ ಎಂದಾಗ ಮಾತ್ರ ಎದೆ ಡವಡವ. ಪೇಟೆಯ ಮನೆಯಲ್ಲಿ ಬೆಳೆದು, ಮಣ್ಣಲ್ಲಿ ಬಿದ್ದು ಗೊತ್ತಿಲ್ಲದ ಮಗುವಾದರಂತೂ ಕೇಳುವುದೇ ಬೇಡ.

ಆದರೆ ಮೊದಲ ಸಲ ಆಡುವ ಮಗುವಿಗೆ ಬಿದ್ದ ಪೆಟ್ಟಿಗಿಂತ ಹೆಚ್ಚು ನೋವು ಕೊಡುವುದು ಔಟಾಗುವುದು. ಮನೆಯಲ್ಲಿ ಕೇರಂ ಆಡುವಾಗ ಅಜ್ಜ ಬೇಕೆಂದೇ ಸೋಲುತ್ತಾರೆ, ಅಂಕಣದಲ್ಲಿ ಯಾರು ಸೋಲುತ್ತಾರೆ ಹೇಳಿ? ಹಾಗಾಗಿ ಆಟದ ನಿಯಮವನ್ನು ನೀವೂ ಸ್ವಲ್ಪ ತಿಳಿದುಕೊಳ್ಳಿ. ಒಂದು ಕಡೆಗೆ 7 ಮಂದಿ, ಒಂದು ರೈಡಿಗೆ 30 ಸೆಕೆಂಡು. ಔಟಾದವನ ಆಟ ಅಲ್ಲಿಗೇ ಮುಗಿಯುವುದಿಲ್ಲ. ಎದುರಾಳಿಗಳಲ್ಲಿ ಒಬ್ಬ ಔಟಾದರೆ ಇವರಲ್ಲಿ ಒಬ್ಬ ಒಳಗೆ ಬರುತ್ತಾನೆ, ಅದೂ ಔಟಾದ ಸರದಿಯಲ್ಲೇ. ಕ್ರಿಕೆಟಿನ ಹಾಗೆ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಮರದಡಿ ಕೂರುವ ಆಟವಲ್ಲ ಇದು. ತನ್ನನ್ನು ಒಳಗೆ ಕರೆಸಿದ್ದು ಹಿಂದಿನ ಬೆಂಚಿನ, ತಾನು ಮಾತೇ ಆಡಿಸದ ಹುಡುಗ ಎಂದು ಮಗುವಿಗೆ ಗೊತ್ತಾಗುತ್ತದಲ್ಲ, ಅದನ್ನು ಮನೆಯಲ್ಲಿ ಕೂರಿಸಿ ಹೇಳಿಕೊಡಲು ನಮ್ಮಿಂದಾಗದು. ಪಂದ್ಯ ಮುಗಿಸಿ ಬಂದಾಗ "ನೀನೆಷ್ಟು ಪಾಯಿಂಟ್ ತಂದೆ?" ಎನ್ನುವ ಬದಲು "ನೀನು ಔಟಾದಾಗ ಒಳಗೆ ಕರೆಸಿದ್ದು ಯಾರು?" ಎಂದು ಕೇಳಿ ನೋಡಿ. ಊಟ ಮುಗಿದರೂ ಕಥೆ ಮುಗಿಯುವುದಿಲ್ಲ.

ಏಳರಲ್ಲಿ ಸೇರದೆ ಹೊರಗೆ ಕೂರುವ ಮಕ್ಕಳೂ ಇರುತ್ತಾರೆ. ಪಿ.ಟಿ. ಮಾಸ್ಟ್ರಿಗೆ ಫೋನು ಮಾಡಿ "ನಮ್ಮವನನ್ನು ಯಾಕೆ ಆಡಿಸ್ಲಿಲ್ಲ?" ಎಂದು ಕೇಳುವ ಅಮ್ಮಂದಿರೂ ಇದ್ದಾರೆ ಮಾರಾಯ್ರೆ! ದಯವಿಟ್ಟು ಬೇಡ. ಮರುದಿನ ಅದರ ಮುಜುಗರ ಅನುಭವಿಸುವುದು ಮಗುವೇ.

ಪಂದ್ಯದ ಹಿಂದಿನ ದಿನ ಉಗುರು ಕತ್ತರಿಸಿ. ಉದ್ದ ಉಗುರಿಗೂ ಆಭರಣಕ್ಕೂ ನಿಯಮದಲ್ಲೇ ಅವಕಾಶವಿಲ್ಲ. ಕಿವಿಯೋಲೆ, ಬಳೆ, ಕುತ್ತಿಗೆಯ ಸರ ಮನೆಯಲ್ಲೇ ಬಿಚ್ಚಿಡಿ. ಮೈಗೆ ಎಣ್ಣೆ ಹಚ್ಚಿ ಕಳಿಸುವುದಂತೂ ಕೂಡದು. ಹಿಡಿದವರ ಕೈ ಜಾರುತ್ತದೆಂದು ಅದಕ್ಕೂ ನಿಷೇಧ. ಕೆಲವು ಪಂದ್ಯಗಳಲ್ಲಿ ತೂಕದ ಮಿತಿ ಇರುತ್ತದೆ. ಅರ್ಧ ಕಿಲೋ ಹೆಚ್ಚಾಯಿತೆಂದು ರಾತ್ರಿ ಊಟ ಬಿಡಿಸುವುದು, ನೀರು ಕುಡಿಯಬೇಡ ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಬೆಳೆಯುವ ಮಗು ಅದು. ಈ ಸಲ ಆಗದಿದ್ದರೆ ಬೇಡ, ಅಷ್ಟೇ. ಆಟಕ್ಕೆ ಎರಡು ಗಂಟೆ ಮೊದಲು ಇಡ್ಲಿಯೋ ಗಂಜಿಯೋ ಸಾಕು. ಮಧ್ಯೆ ಬಾಳೆಹಣ್ಣು, ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು.

ಮೊಣಕಾಲು ತರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ. ಅರಸಿನ, ಕಾಫಿಪುಡಿ ಮೆತ್ತಬೇಡಿ. 5-6ನೇ ವರ್ಷದ ಮತ್ತು 10ನೇ ವರ್ಷದ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಕಾರ್ಡು ತೆಗೆದು ನೋಡಿ. ಕಾಲು ಉಳುಕಿದರೆ ತಕ್ಷಣ ಎಣ್ಣೆ ಹಾಕಿ ತಿಕ್ಕಬಾರದು. ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತಲೆನೋವು ಕಂಡರೆ ಕಾಯದೆ ಡಾಕ್ಟರ ಬಳಿ ಓಡಿ.

"ಹೆಣ್ಣುಮಗುವಿಗೆ ಎಂತಕ್ಕೆ ಕಬಡ್ಡಿ?" ಎನ್ನುವ ಅತ್ತೆಯವರಿದ್ದರೆ ಮಮತಾ ಪೂಜಾರಿಯ ಹೆಸರು ಹೇಳಿ. ನಮ್ಮ ಪಕ್ಕದ ಕಾರ್ಕಳ ತಾಲೂಕಿನ ಹುಡುಗಿ. ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಬಂದದ್ದೇ 2010ರಲ್ಲಿ. ಆ ಸಲ ಗುವಾಂಗ್‌ಝೌನಲ್ಲಿ, ಮತ್ತೆ 2014ರಲ್ಲಿ ಇಂಚಿಯೋನ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಆಕೆ ಇದ್ದರು. 2014ರಲ್ಲೇ ಅರ್ಜುನ ಪ್ರಶಸ್ತಿಯೂ ಬಂತು. ಶಾಲೆಯಲ್ಲಿ ವಾಲಿಬಾಲ್, ಗುಂಡೆಸೆತ ಅಂತ ಓಡಾಡಿದವರು ಕಬಡ್ಡಿಗೆ ಬಂದದ್ದು ಕಾಲೇಜಿಗೆ ಹೋದ ಮೇಲೆ. ಆದ್ದರಿಂದ ನಾಲ್ಕನೇ ಕ್ಲಾಸಿನಲ್ಲಿ ಸೆಲೆಕ್ಟ್ ಆಗದ ಮಗಳ ಬಗ್ಗೆ ಚಿಂತೆ ಬೇಡ.

ಇನ್ನು ಉಳಿದದ್ದು ನಮ್ಮ ಕೆಂಪು ಮಣ್ಣು. ಬಟ್ಟೆ ಒಣಗಿದ ಮೇಲೆ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ಉದುರಿಸಿ, ಆಮೇಲೆ ಸೋಪಿನ ನೀರಿನಲ್ಲಿ ನೆನೆಹಾಕಿ. ಬ್ಲೀಚಿಂಗ್ ನೀರು ಹಾಕಿದರೆ ಈ ಮಣ್ಣಿನ ಕಬ್ಬಿಣದ ಕಲೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಬಿಳಿ ಬನಿಯನ್ ಅಂತೂ ಪ್ರಾಕ್ಟೀಸಿಗೆ ಹಾಕಿ ಕಳಿಸಲೇಬೇಡಿ.