ಮುಪ್ಪಿನ ಬುತ್ತಿ

ವನದುರ್ಗದ ಸೀಮೆಯ ಸದ್ಭಕ್ತರು ನಮ್ಮಲ್ಲಿ ಮೇಲಿಂದ ಮೇಲೆ ಕೇಳುವುದುಂಟು: "ಅಪ್ಪಾರೇ, ಮುಪ್ಪಿಗೆಂದು ಕೂಡಿಡಬೇಕೋ, ಕೈಕಾಲು ಗಟ್ಟಿ ಇರುವಾಗಲೇ ಉಂಡುಟ್ಟು ಸುಖವಾಗಿರಬೇಕೋ?"

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದವರು ಧರ್ಮಪತ್ನಿ ಲಕ್ಕಮ್ಮನವರು. ಆ ದಂಪತಿಗಳು ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವರು. ನಮ್ಮ ನೆರೆಯವರೇ ಅನ್ನಿ. ಇದನ್ನು ಹಿಡಿದು ಉಳಿತಾಯವೇ ಪಾಪವೆಂದು ವಾದಿಸುವವರಿದ್ದಾರೆ. ಅದು ಸಲ್ಲದು. ಲಕ್ಕಮ್ಮನವರ ಮನೆಯಲ್ಲಿ ನಾಳೆಯೂ ಆಯ್ದು ತರುವ ಕೈಗಳಿದ್ದವು. ಬಾಗಿ ಆಯಲಾಗದ ಮುಪ್ಪಿನ ಮಾತೇ ಬೇರೆ.

ನಮ್ಮ ಹಿರಿಯರು ಬರಗಾಲಕ್ಕೆಂದು ನೆಲದಲ್ಲಿ ಹಗೇವು ತೆಗೆದು ಜೋಳ ತುಂಬಿಡುತ್ತಿದ್ದರು. ತೇವ ತಗುಲಿದರೆ ಅಂಚಿನ ಜೋಳ ಮುಗ್ಗುವುದೆಂಬುದನ್ನೂ ಬಲ್ಲವರಾಗಿದ್ದರು. ಮನೆಮಂದಿಯ ರೊಟ್ಟಿಗೆ ತೆಗೆದಿಟ್ಟು ಮಿಕ್ಕಿದ್ದು ಹಗೇವಿಗೆ.

ಈಗಿನ ಹಗೇವು ಬ್ಯಾಂಕಿನಲ್ಲಿದೆ. ಆದಾಯ ತೆರಿಗೆ ಕಟ್ಟದವರಿಗಾಗಿ ಇರುವ, 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯನ್ನು ನೋಡಿರಿ. 18ನೆಯ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟುತ್ತ ಹೋದರೆ 60ರ ನಂತರ ತಿಂಗಳಿಗೆ 5,000 ರೂಪಾಯಿ ಬರುತ್ತದೆ. 40ಕ್ಕೆ ಸೇರಿದವರು ಅದೇ ಪಿಂಚಣಿಗೆ 1,454 ರೂಪಾಯಿ ಕಟ್ಟಬೇಕು. ಅಂದಿನ ಬೆಲೆಯಲ್ಲಿ ಆ 5,000 ಎಷ್ಟು ದಿನದ ಸಂತೆಗೆ ಸಾಕಾದೀತು ಎಂಬುದೂ ಯೋಚಿಸತಕ್ಕದ್ದೇ. ಆದರೂ ಬೇಗ ತೊಡಗಿದವರು ಇಂದಿನ ಹೊಟ್ಟೆ ಕಟ್ಟಬೇಕಾಗಿಲ್ಲ.

ಸಾಲ ಮಾಡಿ ಮದುವೆ ಮೆರೆಸುವವರಿಗೆ ಈ ಲೆಕ್ಕ ರುಚಿಸದು. ಅವರಿಗಿಂತ ನಮಗೆ ಹೆಚ್ಚು ಮರುಕ ಬರುವುದು ಹೆಂಡತಿಯ ಕಣ್ಣಿನ ಪೊರೆ ತೆಗೆಸದೆ ಠೇವಣಿ ಬೆಳೆಸುವವರನ್ನು ಕಂಡಾಗ. ಇಬ್ಬರೂ ಕೂಡಿ ಉಣ್ಣಲೆಂದು ತಾನೆ ಆ ಹಣ? ಅಂಥವರಿಗೆ ನಾವು ಹೇಳುವುದಿಷ್ಟೇ: ಮೊದಲು ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಠೇವಣಿಯ ಮಾತು ಆಮೇಲೆ ಆಡೋಣ.