ಮುಪ್ಪಿನ ಹಡಗುಗಳ ಪರೀಕ್ಷಕರು

ಹಡಗಿನ ಮುಪ್ಪು ಅದರ ಹೊರಮೈಯಲ್ಲಿ ಕಾಣುವಂಥದಲ್ಲ. ಹೊಸದಾಗಿ ಬಣ್ಣ ಬಳಿದುಕೊಂಡು ಬಂದರಿನಲ್ಲಿ ನಿಂತ ಇಪ್ಪತ್ತೈದು ವರ್ಷದ ತೈಲನೌಕೆಯೂ ದಡದವರ ಕಣ್ಣಿಗೆ ನಿನ್ನೆ ಮೊನ್ನೆ ನೀರಿಗಿಳಿದುದರಂತೆಯೇ ತೋರುವುದು. ಅದರ ನಿಜಸ್ಥಿತಿಯನ್ನು ಅರಿಯಬೇಕಾದರೆ ಒಡಲಿನೊಳಗಣ ಬ್ಯಾಲಸ್ಟ್ ಟ್ಯಾಂಕುಗಳಿಗೆ ಇಳಿಯಬೇಕು. ಸರಕಿಲ್ಲದಾಗ ಹಡಗು ಹಗುರಾಗಿ ಹೊಯ್ದಾಡದಿರಲೆಂದು ಕಡಲ ನೀರನ್ನೇ ತುಂಬಿಕೊಂಡು, ಸರಕು ಬಂದೊಡನೆ ಅದನ್ನು ಹೊರಚೆಲ್ಲುವ ಈ ಟ್ಯಾಂಕುಗಳಲ್ಲಿ ಉಕ್ಕು ಒಮ್ಮೆ ಉಪ್ಪುನೀರಿನಲ್ಲಿ ನೆನೆಯುತ್ತ, ಒಮ್ಮೆ ತೇವದ ಗಾಳಿಗೆ ಮೈಯೊಡ್ಡುತ್ತ, ಪಕ್ಕದಲ್ಲಿ ಕಾಯಿಸಿಟ್ಟ ತೈಲದ ಶಾಖವನ್ನೂ ಸಹಿಸುತ್ತ ವರ್ಷವರ್ಷವೂ ಸವೆಯುತ್ತದೆ.

ಈ ಸವೆತವನ್ನು ಅಳೆದು ಬೆಲೆಗಟ್ಟುವ ಸರ್ವೇಯರುಗಳ ಕಸುಬು ಸುಖದ್ದಲ್ಲ. ತುಕ್ಕು ಹಿಡಿಯುವ ಉಕ್ಕು ಮುಚ್ಚಿದ ಟ್ಯಾಂಕಿನ ಆಮ್ಲಜನಕವನ್ನೇ ಹೀರಿಬಿಡುವುದರಿಂದ, ಗಾಳಿ ಹಾಯಿಸಿ ಪರೀಕ್ಷಿಸದೆ ಒಳಹೊಕ್ಕವನು ಹೊರಗೆ ಬರುವ ಭರವಸೆಯಿಲ್ಲ. ಹೊಕ್ಕ ಮೇಲೆ ಬೆನ್ನು ಬಗ್ಗಿಸಿ, ಟಾರ್ಚಿನ ಬೆಳಕಿನಲ್ಲಿ ಕೆಸರು ತುಳಿಯುತ್ತ, ಸುತ್ತಿಗೆಯಿಂದ ತುಕ್ಕಿನ ಪದರವನ್ನು ಉದುರಿಸಿ ನೋಡಬೇಕು. ದಪ್ಪವನ್ನು ಅಳೆಯಲು ಕಿವಿಗೆ ಕೇಳಿಸದ ಧ್ವನಿತರಂಗವನ್ನು ಉಕ್ಕಿನೊಳಕ್ಕೆ ಕಳುಹಿಸಿ, ಅದು ಆಚೆಯ ಮೈಯನ್ನು ಮುಟ್ಟಿ ಮರಳುವ ಕಾಲವನ್ನು ಗಣಿಸುವ ಉಪಕರಣವುಂಟು. ಎಲ್ಲೆಡೆ ಸಮನಾಗಿ ಹರಡಿದ ತುಕ್ಕು ಅಂಜಿಕೆಯದಲ್ಲ. ಬೆಸುಗೆಯ ಅಂಚಿನಲ್ಲಿ ಗೆರೆ ಕೊರೆದಂತೆ ಇಳಿಯುವ ಸವೆತವೇ ಕಪಟಿ, ಏಕೆಂದರೆ ತಗಡು ಗಟ್ಟಿಯಾಗಿರುವಾಗಲೇ ಅದನ್ನು ಹಿಡಿದಿಟ್ಟ ಪಕ್ಕೆಲುಬು ಕಳಚಿಕೊಳ್ಳಬಹುದು. ಅನುಮತಿಸಿದ ಸವೆತದ ಮಿತಿಯಲ್ಲಿ ಶೇಕಡ 75ನ್ನು ಮೀರಿದರೆ ಆ ಭಾಗದ ಮೇಲೆ ವಿಶೇಷ ನಿಗಾ. ಮಿತಿಯೇ ಮೀರಿದರೆ ಕತ್ತರಿಸಿ ಹೊಸ ಉಕ್ಕನ್ನು ಕೂಡಿಸದೆ ಗತಿಯಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಈ ಸಮಗ್ರ ಪರೀಕ್ಷೆ ಹಡಗಿಗೆ ವಯಸ್ಸಾದಂತೆಲ್ಲ ಕಠಿಣವಾಗುತ್ತ ಹೋಗುತ್ತದೆ.

ಈ ವ್ಯವಸ್ಥೆ ಹುಟ್ಟಿದುದು ಲಂಡನ್ನಿನ ಕಾಫಿ ಅಂಗಡಿಯೊಂದರ ನಂಟಿನಿಂದ. ಲಾಯ್ಡ್ ಎಂಬಾತನ ಹೆಸರಿನ ಆ ಅಂಗಡಿಯಲ್ಲಿ ನೆರೆಯುತ್ತಿದ್ದ ವಿಮೆಗಾರರು ಯಾವ ಹಡಗನ್ನು ನಂಬಬಹುದೆಂದು ತಿಳಿಯಲು 1760ರಲ್ಲಿ ಸಂಘ ಕಟ್ಟಿದರು. ಹಡಗುಗಳ ಒಡಲಿಗೆ ಅಕ್ಷರಗಳಲ್ಲಿ ದರ್ಜೆ ಕೊಟ್ಟ ಪುಸ್ತಕವನ್ನು ಹೊರತಂದರು. ನಮ್ಮ ದೇಶದಲ್ಲಿ ಈ ಕಾರ್ಯಕ್ಕಾಗಿ ಮುಂಬಯಿಯ ಇಂಡಿಯನ್ ರಿಜಿಸ್ಟರ್ ಆಫ್ ಷಿಪ್ಪಿಂಗ್ 1975ರಲ್ಲಿ ಸ್ಥಾಪಿತವಾಯಿತು.

ಅದೇ 1975ರಲ್ಲಿ ಜಪಾನಿನಲ್ಲಿ ಕಟ್ಟಲ್ಪಟ್ಟ ಎರಿಕಾ ಎಂಬ ತೈಲನೌಕೆ 1999ರ ಡಿಸೆಂಬರ್ 12ರಂದು ಫ್ರಾನ್ಸಿನ ಬ್ರಿಟನಿ ತೀರದಾಚೆಯ ಬಿರುಗಾಳಿಯಲ್ಲಿ ಎರಡು ಹೋಳಾಯಿತು. ಅದರ ಪ್ರಮಾಣಪತ್ರಗಳೇನೋ ಊರ್ಜಿತದಲ್ಲಿದ್ದವು. ಬ್ಯಾಲಸ್ಟ್ ಟ್ಯಾಂಕಿನ ಉಕ್ಕು ಮಾತ್ರ ತುಕ್ಕಿಗೆ ತುತ್ತಾಗಿತ್ತೆಂಬುದು ತನಿಖೆಯಲ್ಲಿ ಹೊರಬಿದ್ದಿತು. ಇಲ್ಲಿ ಹೇಳಲೇಬೇಕಾದ ಮಾತೊಂದುಂಟು: ಪರೀಕ್ಷೆಯ ಶುಲ್ಕವನ್ನು ತೆರುವವನು ಪರೀಕ್ಷೆಗೊಳಗಾಗುವ ಹಡಗಿನ ಒಡೆಯನೇ. ಸರ್ವೇಯರನು ಎಷ್ಟೇ ಪ್ರಾಮಾಣಿಕನಾಗಿರಲಿ, ಈ ಏರ್ಪಾಡು ಸಂಶಯಕ್ಕೆ ಎಡೆಗೊಡದಿರದು. ಎರಿಕಾಕ್ಕೆ ದರ್ಜೆ ನೀಡಿದ್ದ ಸಂಸ್ಥೆಯೂ ಹೋಳಾದ ನೌಕೆಯ ತೈಲ ಚೆಲ್ಲಿ ಉಂಟಾದ ಮಾಲಿನ್ಯಕ್ಕೆ ಅಪರಾಧಿಯೆಂಬ ತೀರ್ಪನ್ನು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು.