ಹಳೆಯ ಸೇನಾ ನೀರಿನ ಟ್ರೈಲರು: ಗುರುತಿಸುವ ಮತ್ತು ಸರಿಪಡಿಸುವ ಕ್ರಮ

ಸೈನಿಕರಿಗೆ ಕುಡಿಯುವ ನೀರು ಒದಗಿಸಲು ಅಮೆರಿಕದ ಸೇನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ತೊಟ್ಟಿ ಹೊತ್ತ ಎರಡು ಚಕ್ರದ ಟ್ರೈಲರುಗಳನ್ನು ಬಳಸುತ್ತಿತ್ತು. ಮುಂದೆ ಬಂದ ದೊಡ್ಡ ಟ್ರೈಲರಿಗೆ ಸೈನಿಕರು ಇಟ್ಟ ಅಡ್ಡಹೆಸರು 'ನೀರೆಮ್ಮೆ'. ಸೇನೆಯು ವಿಲೇವಾರಿ ಮಾಡಿದ ಇಂಥ ಟ್ರೈಲರುಗಳನ್ನು ಆ ದೇಶದ ರೈತರು ದನಕರುಗಳಿಗೆ ನೀರು ಸಾಗಿಸಲು, ಹವ್ಯಾಸಿಗಳು ಹಳೆಯ ವಾಹನಗಳ ಸಂಗ್ರಹಕ್ಕೆಂದು ಕೊಳ್ಳುತ್ತಾರೆ. ಗಟ್ಟಿಯಾದ ಚಾಸಿ ಇರುವುದರಿಂದ ಇವು ದುರಸ್ತಿಗೆ ಯೋಗ್ಯವಾಗಿವೆ. ಆದರೆ ತೊಟ್ಟಿಯು ಸೇನೆಯಿಂದ ಹೊರಬಂದ ಮೇಲೆ ಡೀಸೆಲನ್ನೋ ಕೀಟನಾಶಕವನ್ನೋ ಹೊತ್ತಿರಬಹುದು. ಆದ್ದರಿಂದ ಸರಿಯಾಗಿ ಗುರುತಿಸುವುದು ಪ್ರಾಣರಕ್ಷಣೆಯ ಕೆಲಸವೂ ಹೌದು. ಹಳೆಯ ಟ್ರ್ಯಾಕ್ಟರ್ ಟ್ಯಾಂಕರನ್ನು ಕೊಳ್ಳುವ ನಮ್ಮ ರೈತರಿಗೂ ಈ ಕ್ರಮಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಮುಖ್ಯ ಮಾದರಿಗಳು

1. ಬೆನ್ ಹರ್ ಬಗೆ: ಮಹಾಯುದ್ಧ ಕಾಲದ 1 ಟನ್ ಟ್ರೈಲರು. ಇದನ್ನು ತಯಾರಿಸಿದ ಕಂಪನಿಗಳಲ್ಲೊಂದಾದ ಮಿಲ್ವಾಕಿ ನಗರದ ಬೆನ್ ಹರ್ ಕಂಪನಿಯಿಂದ ಈ ಹೆಸರು ಬಂದಿದೆ. ತೊಟ್ಟಿಯು 250 ಗ್ಯಾಲನ್, ಅಂದರೆ 946 ಲೀಟರು ಹಿಡಿಯುತ್ತದೆ.

2. ಎಂ107: ಯುದ್ಧಾನಂತರದ 1½ ಟನ್ ಟ್ರೈಲರು. ತೊಟ್ಟಿಯ ಅಳತೆ 400 ಗ್ಯಾಲನ್, ಅಂದರೆ ಸುಮಾರು 1,514 ಲೀಟರು.

3. ಎಂ149: ಇದೂ 400 ಗ್ಯಾಲನ್‌ನದೇ. ಆರಂಭದ ತೊಟ್ಟಿಗಳು ಫೈಬರ್ ಗ್ಲಾಸಿನವು. ಎಂ149ಎ2 ಮಾದರಿಯದು ಸ್ಟೇನ್‌ಲೆಸ್ ಸ್ಟೀಲಿನದು.

ಇಲ್ಲಿ ಹೇಳಿರುವುದು ಅಮೆರಿಕದ ಗ್ಯಾಲನ್ (3.785 ಲೀಟರು). ಬ್ರಿಟಿಷ್ ಗ್ಯಾಲನ್ (4.546 ಲೀಟರು) ಎಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ.

ಗುರುತಿಸುವುದು ಹೇಗೆ?

ಚಾಸಿಗೆ ಹೊಡೆದ ಲೋಹದ ಫಲಕದಲ್ಲಿ ಮಾದರಿ, ಕ್ರಮಸಂಖ್ಯೆ ಮುಂತಾದ ವಿವರಗಳಿರುತ್ತವೆ. ಫಲಕದ ಮೇಲಿನ ಬಣ್ಣವನ್ನು ಮೃದುವಾಗಿ ತೆಗೆಯಬೇಕು. ಉಕ್ಕಿನ ಬ್ರಷ್ಷಿನಿಂದ ಉಜ್ಜಿದರೆ ಅಕ್ಷರಗಳೇ ಅಳಿದುಹೋಗುತ್ತವೆ. ಫಲಕವಿಲ್ಲದಿದ್ದರೆ ಬಣ್ಣದ ಪದರಗಳನ್ನು ನೀರು ಹಾಕಿ ನುಣ್ಣನೆಯ ಉಜ್ಜುಕಾಗದದಿಂದ ಒಂದೊಂದಾಗಿ ತೆಗೆದಾಗ ಅಡಿಯಲ್ಲಿ ಸೇನೆಯ ಹಳೆಯ ಅಂಕಿಗಳು ಕಾಣಿಸುವುದುಂಟು.

ತೊಟ್ಟಿಗೆ ಅಯಸ್ಕಾಂತ ಹಿಡಿದು ನೋಡಬಹುದು. ಸಾಧಾರಣ ಉಕ್ಕು ಬಲವಾಗಿ ಸೆಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲು ಅಲ್ಪಸ್ವಲ್ಪ ಸೆಳೆದೀತು ಇಲ್ಲವೆ ಸೆಳೆಯದು. ಫೈಬರ್ ಗ್ಲಾಸು ಸೆಳೆಯುವುದೇ ಇಲ್ಲ.

ಆದರೆ ಫಲಕವು ಚಾಸಿಯ ಗುರುತೇ ಹೊರತು ತೊಟ್ಟಿಯ ಸಾಕ್ಷಿಯಲ್ಲ. ಎಂ107 ನೀರಿನ ಟ್ರೈಲರಿಗೂ ಎಂ105 ಸಾಮಾನು ಟ್ರೈಲರಿಗೂ ಚಾಸಿ ಒಂದೇ ಬಗೆಯದು. ಸಾಮಾನು ಟ್ರೈಲರಿನ ಮೇಲೆ ಬೇರೆಲ್ಲಿಂದಲೋ ತಂದ ತೊಟ್ಟಿಯನ್ನು ಕೂರಿಸಿರಲೂಬಹುದು. ಎಣ್ಣೆಯ ವಾಸನೆ, ಒಳಗೋಡೆಯ ಜಿಡ್ಡು, ಹೊರಗೆ ಬರೆದ ಎಚ್ಚರಿಕೆಯ ಮಾತು, ಇವುಗಳಲ್ಲಿ ಒಂದು ಕಂಡರೂ ಅಂಥ ತೊಟ್ಟಿಯನ್ನು ಜನರಿಗಾಗಲಿ ದನಗಳಿಗಾಗಲಿ ಕುಡಿಯುವ ನೀರಿಗೆ ಬಳಸಕೂಡದು.

ದುರಸ್ತಿಯಲ್ಲಿ ಎಚ್ಚರಿಕೆ

ಅ) ಹಿಂದೆ ಏನಿತ್ತೆಂದು ತಿಳಿಯದ ತೊಟ್ಟಿಗೆ ವೆಲ್ಡಿಂಗ್ ಮಾಡಿಸಬಾರದು. ಖಾಲಿಯಾಗಿ ಕಂಡರೂ ಒಳಗುಳಿದ ಎಣ್ಣೆಯ ಆವಿ ಸಿಡಿಯಬಲ್ಲದು.

ಆ) ತೊಟ್ಟಿಯೊಳಕ್ಕೆ ಇಳಿಯಬಾರದು. ಮುಚ್ಚಿದ ತೊಟ್ಟಿಯಲ್ಲಿ ತುಕ್ಕು ಹಿಡಿಯುವಾಗ ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗುತ್ತದೆ. ಇಳಿದವನೂ ಅವನನ್ನು ಎತ್ತಲು ಹೋದವನೂ ಉಸಿರುಕಟ್ಟಿ ಸಾಯುವ ಸಂಭವವುಂಟು. ಉದ್ದ ಹಿಡಿಯ ಬ್ರಷ್ಷಿನಿಂದ ಹೊರಗೆ ನಿಂತೇ ತೊಳೆಯಬೇಕು.

ಇ) ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ಒಣಗಿದ್ದಾಗ ಉಜ್ಜದೆ, ನೀರು ಹಾಕಿಕೊಂಡು, ಧೂಳು ತಡೆಯುವ ಮುಖವಾಡ ಧರಿಸಿ ಉಜ್ಜಬೇಕು. ಉದುರಿದ ಚಕ್ಕೆಗಳನ್ನು ಗುಡಿಸಿ ದೂರವಿಡಬೇಕು. ಸೀಸದ ಬಣ್ಣವನ್ನು ನೆಕ್ಕಿ ದನಗಳು, ವಿಶೇಷವಾಗಿ ಕರುಗಳು, ವಿಷವೇರಿ ಸಾಯುತ್ತವೆ.

ಈ) ಹಲವು ಭಾಗಗಳನ್ನು ಜೋಡಿಸಿದ ಹಳೆಯ ರಿಮ್ಮನ್ನು ಬಿಚ್ಚುವ ಮೊದಲು ಟೈರಿನ ಗಾಳಿಯನ್ನೆಲ್ಲ ತೆಗೆದಿರಬೇಕು. ಗಾಳಿಯಿರುವಾಗ ಸಡಿಲಿಸಿದರೆ ಕಬ್ಬಿಣದ ಬಳೆ ಗುಂಡಿನಂತೆ ಹಾರುತ್ತದೆ. ಈ ಕೆಲಸವನ್ನು ಅನುಭವಸ್ಥರಿಗೇ ಬಿಡುವುದು ಲೇಸು.

ಉ) ಬೇರಿಂಗುಗಳನ್ನು ಬಿಚ್ಚಿ ತೊಳೆದು, ಸವೆದವನ್ನು ಬದಲಿಸಿ, ಹೊಸ ಗ್ರೀಸು ತುಂಬಬೇಕು. ನಲ್ಲಿಗಳ ವಾಷರು ಹಾಗೂ ಮುಚ್ಚಳದ ರಬ್ಬರನ್ನು ಹೊಸದಾಗಿ ಹಾಕಬೇಕು. ಒಳಗೆ ಬಣ್ಣ ಬಳಿಯುವುದಾದರೆ ಕುಡಿಯುವ ನೀರಿಗೆಂದೇ ತಯಾರಾದ ಲೇಪನವಲ್ಲದೆ ಬೇರೆ ಬಳಿಯಬಾರದು.

ತೊಟ್ಟಿಯ ಶುದ್ಧೀಕರಣ

ನೀರು ಮಾತ್ರ ಹೊತ್ತಿತ್ತೆಂದು ಖಚಿತವಾದ ತೊಟ್ಟಿಯನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಶೇ. 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯನ್ನು 1,000 ಲೀಟರಿಗೆ ಸುಮಾರು 170 ಗ್ರಾಂ ಪ್ರಮಾಣದಲ್ಲಿ ಸೇರಿಸಬೇಕು. 250 ಗ್ಯಾಲನ್ ತೊಟ್ಟಿಗೆ 160 ಗ್ರಾಂ, 400 ಗ್ಯಾಲನ್ ತೊಟ್ಟಿಗೆ 250 ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿಯನ್ನು ಹಾಕಬೇಕು. ನಲ್ಲಿಗಳಲ್ಲಿಯೂ ಸ್ವಲ್ಪ ಹರಿಸಿ, 24 ಗಂಟೆ ಬಿಟ್ಟು ಹೊರಚೆಲ್ಲಬೇಕು. ಈ ನೀರು ಬೆಳೆಗಾಗಲಿ ಮೀನಿನ ಕೆರೆಗಾಗಲಿ ಸೇರಬಾರದು. ವಾಸನೆ ಹೋಗುವ ತನಕ ಶುದ್ಧ ನೀರಿನಲ್ಲಿ ತೊಳೆದು, ಮತ್ತೆ ತುಂಬಿದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಅವಶ್ಯಕ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ; ಸೀಸವನ್ನಾಗಲಿ ಎಣ್ಣೆಯನ್ನಾಗಲಿ ತೆಗೆಯಲಾರದು.

ಎಳೆಯುವಾಗ

ತುಂಬಿದ 400 ಗ್ಯಾಲನ್ ತೊಟ್ಟಿಯಲ್ಲಿ ನೀರಿನ ತೂಕವೇ 1,500 ಕಿ.ಗ್ರಾಂಗೂ ಹೆಚ್ಚು, ಟ್ರೈಲರಿನ ಸ್ವಂತ ತೂಕ ಬೇರೆ. ಎಂ149ರ ಬ್ರೇಕು ಎಳೆಯುವ ಲಾರಿಯ ಒತ್ತುಗಾಳಿಯಿಂದ ಕೆಲಸ ಮಾಡುವಂಥದು. ಗಾಳಿಯ ವ್ಯವಸ್ಥೆಯಿಲ್ಲದ ಟ್ರ್ಯಾಕ್ಟರಿಗೆ ಕಟ್ಟಿದರೆ ಟ್ರೈಲರಿಗೆ ಓಡುವಾಗ ಬ್ರೇಕು ಇಲ್ಲವೆಂದೇ ತಿಳಿಯಬೇಕು. ಇಳಿಜಾರಿನಲ್ಲಿ ತುಂಬಿದ ತೊಟ್ಟಿಯನ್ನು ಒಯ್ಯಬಾರದು. ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ಹೊಯ್ದಾಡಿ ಟ್ರೈಲರನ್ನು ವಾಲಿಸುತ್ತದಾದ್ದರಿಂದ ತಿರುವಿನಲ್ಲಿ ಬಲು ನಿಧಾನವಾಗಿ ಸಾಗಬೇಕು. ದೀಪಗಳು 24 ವೋಲ್ಟಿನವಾಗಿದ್ದರೆ ಟ್ರ್ಯಾಕ್ಟರಿನ 12 ವೋಲ್ಟಿಗೆ ತಕ್ಕ ಬಲ್ಬುಗಳನ್ನು ಹಾಕಿಸಬೇಕು.

ತೊಟ್ಟಿಯ ಪೂರ್ವಚರಿತ್ರೆ ಎಷ್ಟು ವಿಚಾರಿಸಿದರೂ ತಿಳಿಯದಿದ್ದಲ್ಲಿ ಚಾಸಿಯನ್ನು ಉಳಿಸಿಕೊಂಡು ಹೊಸ ತೊಟ್ಟಿ ಕೂರಿಸುವುದೇ ಸರಿಯಾದ ಮಾರ್ಗ. ಹೊಸ ತೊಟ್ಟಿಗೆ ತಗಲುವ ಖರ್ಚು ಒಂದು ಸಲದ್ದು. ವಿಷದ ನೀರು ಕುಡಿದ ಮನೆಮಂದಿಗೂ ದನಗಳಿಗೂ ಆಗುವ ನಷ್ಟವನ್ನು ತುಂಬಿಕೊಳ್ಳಲಾಗದು.